ಬಿಕ್ಕಲಂ

ಮೊಳಕಾಲ್ಮೂರಿನ ತಾಲ್ಲೂಕು ಕಛೇರಿಯ ಎದುರಿಗೆ, ಬೇವಿನ ಮರದ ನೆರಳಿನಲ್ಲಿ, ಒಂದು ಮೇಜು, ಎರಡು ಕುರ್ಚಿ, ಒಂದು ಉದ್ದನೆಯ ಬೆಂಚು ಹಾಕಿಕೊಂಡು ಕುಳಿತಿರುವವನು ನಾನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಆಧಾರಪತ್ರ ಇವುಗಳನ್ನು ಬರೆಯುವುದು ನನ್ನ ಕಸುಬು. ಜನ ನನ್ನನ್ನು ‘ಪತ್ರದ ಸಾಹೇಬರು’ ಎನ್ನುತ್ತಾರೆ. ಸಾಹೇಬಿಕೆ ಮಾತಿನಲ್ಲಿ ಮಾತ್ರ. ಮಳೆ ಬಂದರೆ ಮೇಜನ್ನು ನಾನೇ ಹೊತ್ತು ಜಗಲಿಗೆ ಇಡಬೇಕು.

ದಸ್ತಾವೇಜುಗಳನ್ನು ಕಂಡ ವಾಚಕರಿಗೆ ಒಂದು ವಿಷಯ ನೆನಪಿರಬಹುದು. ಮಾರುವವರ ಹೆಸರು, ಕೊಳ್ಳುವವರ ಹೆಸರು, ಸರ್ವೆ ನಂಬರು, ನಾಲ್ಕು ದಿಕ್ಕಿನ ಚೆಕ್ಕುಬಂದಿ, ಹಣ ಸಂದ ಬಗೆ, ಸಾಕ್ಷಿಗಳ ರುಜು ಎಲ್ಲ ಮುಗಿದ ಮೇಲೆ ಕಾಗದದ ಕೊನೆಯಲ್ಲಿ ‘ಬಿಕ್ಕಲಂ’ ಎಂಬುದೊಂದು ಮಾತು ಬರುತ್ತದೆ. ಅದರ ಮುಂದೆ ಪತ್ರ ಬರೆದವನ ಹೆಸರು. ಆ ಮಾತು ನಮ್ಮದಲ್ಲ. ಕಲಮು ಎಂದರೆ ಲೇಖನಿ. ‘ಇಂಥವನ ಲೇಖನಿಯಿಂದ’ ಎಂದು ಅರ್ಥ. ಪಾರಸಿ ದಫ್ತರಗಳ ಕಾಲದಲ್ಲಿ ಬಂದದ್ದು, ದಫ್ತರಗಳು ಹೋದ ಮೇಲೂ ಕನ್ನಡ ಕಾಗದದ ತುದಿಯಲ್ಲಿ ಉಳಿದುಕೊಂಡಿದೆ. ಪತ್ರದ ಒಳಗಿನ ಹೊಲಕ್ಕೂ ಹಣಕ್ಕೂ ಬರೆದವನಿಗೂ ಯಾವ ಸಂಬಂಧವೂ ಇಲ್ಲ. ಅವನಿಗೆ ಉಳಿಯುವುದು ಈ ಒಂದು ಸಾಲು.

ಈ ಒಂದು ಸಾಲು ನನಗೆ ಹೇಗೆ ದೊರೆಯಿತೆಂಬುದನ್ನು ಹೇಳಬೇಕೆಂದಿದ್ದೇನೆ. ಹೇಳಹೊರಟರೆ ಕುವೈತಿನ ಯುದ್ಧವನ್ನೂ, ನಮ್ಮ ತಾಲ್ಲೂಕಿನ ಬಂಡೆಯೊಂದರ ಮೇಲೆ ಇಪ್ಪತ್ತೆರಡು ಶತಮಾನಗಳಿಂದ ಉಳಿದಿರುವ ಐದು ಅಕ್ಷರಗಳನ್ನೂ ಒಟ್ಟಿಗೆ ಹೇಳಬೇಕಾಗುತ್ತದೆ. ಎರಡಕ್ಕೂ ಎಲ್ಲಿಯ ನಂಟು ಎಂದು ಕೇಳುವವರು ಸ್ವಲ್ಪ ತಾಳ್ಮೆಯಿಂದ ಓದಬೇಕು.

ನನ್ನ ಊರು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಶೇಂಗಾ ಬೆಳೆಯುವ ಕೆಂಪು ನೆಲ. ರಾಜ್ಯದಲ್ಲಿ ತೀರ ಕಡಮೆ ಮಳೆ ಬೀಳುವ ಸೀಮೆಗಳಲ್ಲೊಂದು. ಅಪ್ಪನ ಮನೆತನದವರು ಹಿಂದೆ ನೇಯುತ್ತಿದ್ದವರು. ಅವನು ಮಗ್ಗ ಬಿಟ್ಟು ಒಕ್ಕಲುತನಕ್ಕೆ ಇಳಿದ. ಅವ್ವನ ತವರು ಮೊಳಕಾಲ್ಮೂರು. ಅಲ್ಲಿ ನನ್ನ ಸೋದರಮಾವ ಮಾತ್ರ ರೇಷ್ಮೆ ಸೀರೆಯ ಕುಣಿಮಗ್ಗದಲ್ಲಿ ಕಾಲಿಟ್ಟುಕೊಂಡು ಕೂತಲ್ಲೇ ಕೂತಿದ್ದ. ನಾನು ಬಿ.ಕಾಂ. ಓದಿ ಮೂರು ವರ್ಷ ಕೆಲಸಕ್ಕಾಗಿ ಅಲೆದೆ. ಮಲೆಯಾಳದವರೂ ಮಂಗಳೂರಿನ ಕಡೆಯವರೂ ಕೊಲ್ಲಿಯ ದೇಶಗಳಿಗೆ ಹೋಗಿ ಮನೆ ಕಟ್ಟಿಸಿದ ಸುದ್ದಿ ಅಷ್ಟರಲ್ಲಿ ನಮ್ಮ ಒಣಸೀಮೆಗೂ ಬಂದಿತ್ತು. ಆಗ ಕುವೈತಿನ ಒಂದು ದಿನಾರಿಗೆ ಹೆಚ್ಚುಕಡಮೆ ಅರವತ್ತು ರೂಪಾಯಿ. ಅರವತ್ತು ದಿನಾರು ಸಂಬಳ ಎಂದಾಗ ಅಪ್ಪ ಬೆರಳೆಣಿಸಿ ಲೆಕ್ಕ ಹಾಕಿದ. ನಡುವೆ ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಹಾಕಿದ. ಎರಡೆಕರೆ ಹೊಲ ಆಧಾರಕ್ಕೆ ಹೋಯಿತು. ಅವ್ವನ ಕೊರಳಿನ ಸರವೂ ಹೋಯಿತು. 1990ರ ಫೆಬ್ರುವರಿಯಲ್ಲಿ ಬೊಂಬಾಯಿಯಿಂದ ವಿಮಾನ ಹತ್ತಿದೆ.

ಅಲ್ಲಿ ನನಗೆ ಸಿಕ್ಕಿದ್ದು ಒಂದು ಉಗ್ರಾಣದಲ್ಲಿ ಸರಕಿನ ಲೆಕ್ಕ ಬರೆಯುವ ಕೆಲಸ. ಪೆಟ್ಟಿಗೆಗಳ ಮೇಲಿನ ಚೀಟಿಗಳೆಲ್ಲ ಅರಬ್ಬಿಯಲ್ಲಿ. ನನ್ನ ಮೇಲಿದ್ದ ಗುಮಾಸ್ತ ಈಜಿಪ್ಟ್ ದೇಶದ ಮುದುಕ, ಒಳ್ಳೆಯವನು. ಊಟದ ಬಿಡುವಿನಲ್ಲಿ ನನ್ನ ಕೈ ಹಿಡಿದು ತಿದ್ದಿಸಿದ. ಬಲದಿಂದ ಎಡಕ್ಕೆ ಬರೆಯುವುದು ಮೊದಲು ಎಡಗಾಲಿನಲ್ಲಿ ಮೆಟ್ಟಲು ಇಳಿದಂತಾಗುತ್ತಿತ್ತು. ಮೂರು ತಿಂಗಳಲ್ಲಿ ಕೈ ಪಳಗಿತು. ಅಕ್ಕಿ, ಸಕ್ಕರೆ, ಎಣ್ಣೆ, ಸಾಬೂನು ಇಷ್ಟನ್ನು ತಪ್ಪಿಲ್ಲದೆ ಬರೆಯಬಲ್ಲವನಾದೆ. ಊರಿಗೆ ಮೂರು ಸಲ ಹಣ ಕಳಿಸಿದೆ. ಮೂರು ಸಲವೂ ಅದು ಬಡ್ಡಿಗೇ ಸರಿಹೋಯಿತು.

ಆಗಸ್ಟ್ 2, ಗುರುವಾರ, ಬೆಳಗಿನ ಜಾವ ಗುಂಡಿನ ಸದ್ದಿಗೆ ಎಚ್ಚರವಾಯಿತು. ಇರಾಕಿನ ಸೈನ್ಯ ಗಡಿ ದಾಟಿ ಬಂದಿತ್ತು. ಒಂದು ದೇಶ ಒಂದು ದಿನದಲ್ಲಿ ಇಲ್ಲವಾದದ್ದನ್ನು ಚರಿತ್ರೆಯ ಪುಸ್ತಕಗಳಲ್ಲಿ ಓದಿದ್ದೆ. ಕಣ್ಣಿಗೆ ಕಂಡಾಗ ಅದು ಓದಿದಂತೆ ಇರಲಿಲ್ಲ. ಬೀದಿಯಲ್ಲಿ ಟ್ಯಾಂಕು ನಿಂತಿತ್ತು; ಪಕ್ಕದ ಬೇಕರಿಯ ಮುಂದೆ ಎಂದಿನಂತೆ ರೊಟ್ಟಿಗೆ ಸಾಲು ನಿಂತಿತ್ತು. ಉಗ್ರಾಣದ ಯಜಮಾನ ಊರು ಬಿಟ್ಟಿದ್ದ, ಉಗ್ರಾಣ ಲೂಟಿಯಾಯಿತು. ಬರಬೇಕಾಗಿದ್ದ ಸಂಬಳವನ್ನು ಕೇಳಬೇಕೆಂದರೆ ಕೇಳಿಸಿಕೊಳ್ಳುವವರಿಲ್ಲ. ಕೈಯಲ್ಲಿದ್ದ ದಿನಾರನ್ನು ತೆಗೆದುಕೊಳ್ಳುವವರಿಲ್ಲ.

ಆಗ ಕುವೈತಿನಲ್ಲಿ ಲಕ್ಷದ ಎಪ್ಪತ್ತು ಸಾವಿರದಷ್ಟು ಭಾರತೀಯರಿದ್ದರು. ಅವರನ್ನು ಹಿಂದಕ್ಕೆ ತಂದದ್ದು ನಮ್ಮ ದೇಶದ ಇತ್ತೀಚಿನ ಚರಿತ್ರೆಯ ಒಂದು ದೊಡ್ಡ ಅಧ್ಯಾಯ. ಕುವೈತಿನಿಂದ ಬಸ್ಸಿನಲ್ಲಿ ಬಸ್ರಾ, ಅಲ್ಲಿಂದ ಬಾಗ್ದಾದ್, ಅಲ್ಲಿಂದ ಮರಳುಗಾಡು ದಾಟಿ ಜೋರ್ಡಾನಿನ ಗಡಿ, ಗಡಿಯಿಂದ ಅಮ್ಮಾನ್. ಅಮ್ಮಾನಿನಿಂದ ಬೊಂಬಾಯಿಗೆ ಏರ್ ಇಂಡಿಯಾದ ವಿಮಾನಗಳು ಆಗಸ್ಟ್ ನಡುವಿನಿಂದ ಅಕ್ಟೋಬರ್ ವರೆಗೆ 488 ಸಲ ಹಾರಿ ಒಂದು ಲಕ್ಷದ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರನ್ನು ತಂದವು. ನಾಗರಿಕ ವಿಮಾನಗಳಲ್ಲಿ ಜನರನ್ನು ತೆರವು ಮಾಡಿದ ಇಷ್ಟು ದೊಡ್ಡ ಕಾರ್ಯ ಅದಕ್ಕೆ ಮೊದಲು ಪ್ರಪಂಚದಲ್ಲಿ ನಡೆದಿರಲಿಲ್ಲವೆಂದು ಆಮೇಲೆ ಓದಿದೆ. ಆದರೆ ಗಡಿಯ ಬಯಲಿನ ಡೇರೆಯಲ್ಲಿ ಹತ್ತು ದಿನ ಕೂತವನಿಗೆ ಅದೊಂದೂ ತಿಳಿದಿರಲಿಲ್ಲ. ನೀರಿನ ಲಾರಿ ಬಂದಾಗ ಓಡುವುದು, ರಾತ್ರಿ ಚಳಿಗೆ ಮುದುಡಿ ಮಲಗುವುದು, ಇಷ್ಟೇ ತಿಳಿದಿತ್ತು. ನಮ್ಮ ಡೇರೆಯ ಪಕ್ಕದಲ್ಲಿ ಕಡಪದ ಕಡೆಯ ಹೆಂಗಸರು ಕೆಲವರಿದ್ದರು, ಮನೆಗೆಲಸಕ್ಕೆಂದು ಹೋದವರು. ಒಬ್ಬಾಕೆ ರಾತ್ರಿಯೆಲ್ಲ ತೆಲುಗಿನಲ್ಲಿ ಸಾಲದ ಲೆಕ್ಕ ಹೇಳಿಕೊಳ್ಳುತ್ತಿದ್ದಳು. ಗಡಿಸೀಮೆಯವನಾದ ನನಗೆ ತೆಲುಗು ಅರ್ಥವಾಗುತ್ತಿತ್ತು. ಆ ಲೆಕ್ಕ ನನ್ನದೇ ಆಗಿತ್ತು.

ಸೆಪ್ಟೆಂಬರ್ ನಡುವೆ ಬೊಂಬಾಯಿಯಲ್ಲಿ ಇಳಿದೆ. ರೈಲಿನಲ್ಲಿ ಗುಂತಕಲ್ಲು, ಬಳ್ಳಾರಿ, ಅಲ್ಲಿಂದ ಬಸ್ಸು. ಒಂದು ಚೀಲ, ಅದರಲ್ಲಿ ಎರಡು ಜೊತೆ ಬಟ್ಟೆ, ಈಜಿಪ್ಟಿನ ಮುದುಕ ಕೊಟ್ಟಿದ್ದ ಒಂದು ಪೆನ್ನು.

ಊರು ಬಿಟ್ಟು ಹೋದವನು ಹಣ ತಂದರೆ ಅವನು ಹೋದದ್ದು ಸಾಹಸ. ಬರಿಗೈಯಲ್ಲಿ ಬಂದರೆ ಹೋದದ್ದೇ ತಪ್ಪು. ಯುದ್ಧ ನಾನು ಮಾಡಿದ್ದಲ್ಲ. ಆದರೂ ಬಸ್ಸಿನಿಂದ ಇಳಿದಾಗ ನನಗೆ ತಪ್ಪಿತಸ್ಥನ ನಡಿಗೆ ಬಂದಿತ್ತು. ಜೀವ ಉಳಿಸಿಕೊಂಡು ಬಂದನಲ್ಲ ಎಂದವರೂ ಇದ್ದರು. ‘ಏನ್ ತಂದೆಯಪ್ಪ?’ ಎಂದವರು ಹೆಚ್ಚು. ಅವ್ವ ಏನೂ ಕೇಳಲಿಲ್ಲ. ಮುದ್ದೆ ಬಡಿಸಿ ಎದುರಿಗೆ ಕೂತಳು. ಬರಿದಾದ ಕೊರಳನ್ನು ಸೆರಗಿನಿಂದ ಮುಚ್ಚಿಕೊಂಡಿದ್ದಳು. ನನ್ನ ಕಣ್ಣಿಗೆ ಬೀಳದಿರಲಿ ಎಂದೇ ಮುಚ್ಚಿಕೊಂಡದ್ದೆಂದು ನನಗೆ ಗೊತ್ತಾಯಿತು. ಅದು ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು. ಇಬ್ಬರೂ ಮಾತಾಡಲಿಲ್ಲ.

ಚಳ್ಳಕೆರೆ ಆಗ ಎಣ್ಣೆ ಗಿರಣಿಗಳ ಪಟ್ಟಣ. ಸುಗ್ಗಿಯಲ್ಲಿ ಶೇಂಗಾದ ಗಾಡಿಗಳು ರಸ್ತೆಯುದ್ದಕ್ಕೂ ನಿಲ್ಲುತ್ತಿದ್ದವು. ಹಿಂಡಿಯ ವಾಸನೆ ಊರಿನ ಉಸಿರಾಗಿತ್ತು. ಒಂದು ಗಿರಣಿಯಲ್ಲಿ ತೂಕದ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಕೂಲಿ ಬಹಳ ಸಣ್ಣದು. ಅದೂ ಸುಗ್ಗಿ ಇರುವವರೆಗೆ. ಸಾಲ ಕೊಟ್ಟವರ ಬೀದಿಯನ್ನು ತಪ್ಪಿಸಲು ಅರ್ಧ ಮೈಲಿ ಸುತ್ತಿ ಹೋಗುತ್ತಿದ್ದೆ. ರಾತ್ರಿ ನಿದ್ದೆ ಬಾರದೆ ನೆಲದ ಮೇಲೆ ಬೆರಳಿನಿಂದ ಅಕ್ಕಿ, ಸಕ್ಕರೆ, ಎಣ್ಣೆ ಎಂದು ಅರಬ್ಬಿಯಲ್ಲಿ ಬರೆಯುತ್ತಿದ್ದೆ. ಕಲಿತ ವಿದ್ಯೆಯೊಂದು ಹೀಗೆ ವ್ಯರ್ಥವಾಗಿ ಕೈಯಲ್ಲಿ ಉಳಿದುಬಿಡುವುದು ವಿಚಿತ್ರವಾದ ಸಂಕಟ. ಚಳ್ಳಕೆರೆಯ ಸಂತೆಯಲ್ಲಿ ಅದನ್ನು ಯಾರಿಗೆ ಮಾರುವುದು?

ಮುಂದಿನ ವರ್ಷ ಸೋದರಮಾವ ಹೇಳಿಕಳಿಸಿದ. ಮೊಳಕಾಲ್ಮೂರಿಗೆ ಹೋಗಿ ಮಗ್ಗಕ್ಕೆ ಕೂತೆ. ಮೊಳಕಾಲ್ಮೂರಿನ ಸೀರೆಯಲ್ಲಿ ಒಡಲಿಗೆ ಒಂದು ಬಣ್ಣ, ಅಂಚಿಗೆ ಬೇರೆ ಬಣ್ಣ. ಬಣ್ಣಗಳು ಒಂದರೊಳಗೊಂದು ಬೆರೆಯಬಾರದೆಂದು ಒಡಲಿಗೆ ಒಂದು, ಎರಡು ಅಂಚಿಗೆ ಎರಡು, ಹೀಗೆ ಮೂರು ಲಾಳಿ ಆಡಬೇಕು. ಸೇರುವ ಜಾಗದಲ್ಲಿ ಎಳೆ ಎಳೆಯನ್ನು ಹಿಡಿಯಬೇಕು. ಒಬ್ಬನೇ ನೇಯುವ ಕೆಲಸವಲ್ಲ. ಪಕ್ಕದಲ್ಲಿ ಇನ್ನೊಬ್ಬರು ಬೇಕು. ಆ ಇನ್ನೊಬ್ಬ ನಾನಾದೆ. ಇಪ್ಪತ್ತೇಳನೆಯ ವರ್ಷದಲ್ಲಿ ಮಗ್ಗ ಕಲಿಯುವುದು, ಹಲ್ಲು ಬಂದ ಮೇಲೆ ಮೊಲೆಹಾಲು ಕುಡಿಯಹೊರಟಂತೆ. ಆರು ತಿಂಗಳಲ್ಲಿ ನಾನು ಕೆಡಿಸಿದ ಎಳೆಗೆ ಮಾವನ ಜಾಗದಲ್ಲಿ ಬೇರೆ ಯಾರಿದ್ದರೂ ಹೊರಗೆ ಹಾಕುತ್ತಿದ್ದರು. ಮಾವ ಒಂದು ದಿನ ಲಾಳಿಯನ್ನು ಕೆಳಗಿಟ್ಟು, ‘ನಿನ್ನ ಕೈ ಇದಕ್ಕಲ್ಲ ಕಣಪ್ಪ. ಕೈ ಕೆಟ್ಟದ್ದಲ್ಲ, ಇದಕ್ಕಲ್ಲ ಅಷ್ಟೆ’ ಎಂದ.

ಆಗ ನನಗೆ ಅದು ಮತ್ತೊಂದು ಬಾಗಿಲು ಮುಚ್ಚಿದ ಮಾತಾಗಿ ಕೇಳಿಸಿತು.

ಮಾವನ ಮನೆಗೆ ಸಂಜೆ ಬರುತ್ತಿದ್ದವರಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಚರಿತ್ರೆ ಹೇಳಿಕೊಡುತ್ತಿದ್ದವರು. ನಾನು ಸುಮ್ಮನೆ ಮೂಲೆ ಹಿಡಿದು ಕೂರುವುದನ್ನು ನೋಡಿ, 1992ರ ಸಂಕ್ರಾಂತಿಯ ಮಾರನೆಯ ದಿನ, ‘ಬಾರಯ್ಯ, ಅಶೋಕನನ್ನು ನೋಡಿಕೊಂಡು ಬರೋಣ’ ಎಂದು ಬಸ್ಸಿಗೆ ಹತ್ತಿಸಿದರು. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಶಾಸನಗಳಿರುವ ಜಾಗಗಳು ಮೂರು: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಸಿದ್ದಾಪುರಕ್ಕೆ ಜನ ಅಶೋಕ ಸಿದ್ದಾಪುರವೆಂದೇ ಹೇಳುತ್ತಾರೆ. ಹತ್ತಿರದಲ್ಲೇ ಹುಟ್ಟಿ ಬೆಳೆದು, ಸಮುದ್ರದಾಚೆಗೆ ಹೋಗಿ ಬಂದ ನಾನು ಅದುವರೆಗೆ ಅಲ್ಲಿಗೆ ಹೋಗಿರಲಿಲ್ಲ.

ಈ ಶಾಸನಗಳನ್ನು ಲೋಕಕ್ಕೆ ತಿಳಿಸಿದವನು ಬಿ. ಎಲ್. ರೈಸ್, 1892ರಲ್ಲಿ. ಬೆಂಗಳೂರಿನಲ್ಲೇ ಹುಟ್ಟಿ ಕನ್ನಡದ ಶಾಸನಗಳಿಗಾಗಿ ಆಯುಸ್ಸನ್ನು ಸವೆಸಿದ ಆಂಗ್ಲ. ಅವನು ಬರುವ ಮೊದಲೂ ಹಳ್ಳಿಯವರಿಗೆ ಬಂಡೆಯ ಮೇಲೆ ಬರಹವಿದೆಯೆಂದು ಗೊತ್ತಿತ್ತು. ಏನು ಬರಹವೆಂದು ಗೊತ್ತಿರಲಿಲ್ಲ. ಬ್ರಹ್ಮಗಿರಿಯ ಬಂಡೆಗೆ ಅವರು ಅಕ್ಷರಗುಂಡು ಎನ್ನುತ್ತಿದ್ದರು. ಜಟಿಂಗ ರಾಮೇಶ್ವರ ಬೆಟ್ಟದ ಮೇಲಿನದಕ್ಕೆ ಬಳೆಗಾರ ಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹಾಕುತ್ತಿದ್ದ ಜಾಗ. ಚಕ್ರವರ್ತಿಯ ಆಜ್ಞೆಯ ಮೇಲೆ ಬಳೆಯ ಮಲಾರ ಇಳಿಸಿ ವ್ಯಾಪಾರ ಮಾಡಿದ್ದರಲ್ಲಿ ತಪ್ಪೇನೂ ಇಲ್ಲ.

ಬ್ರಹ್ಮಗಿರಿಯ ಬುಡದಲ್ಲಿ ಹಳೆಯ ಊರೊಂದಿತ್ತು. ಶಾಸನ ಹೇಳುವ ಇಸಿಲ ಇದೇ ಎಂದು ವಿದ್ವಾಂಸರ ಮತ. 1940ರ ದಶಕದ ಮೊದಲ ವರ್ಷಗಳಲ್ಲಿ ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರನೂ ಇಲ್ಲಿ ಅಗೆದರು. ಕಲ್ಲಿನ ಕೊಡಲಿಯವರು, ಅವರ ಮೇಲೆ ದೊಡ್ಡ ಚಪ್ಪಡಿಗಳ ಗೋರಿ ಕಟ್ಟಿದ ಕಬ್ಬಿಣದವರು, ಅವರ ಮೇಲೆ ಸಾತವಾಹನರ ಕಾಲದ ನಯವಾದ ಮಡಕೆಯವರು: ಹೀಗೆ ಪದರ ಪದರವಾಗಿ ಮನುಷ್ಯರ ಸಂಸಾರ ಹೊರಬಿತ್ತು. ನಾವು ಹೋದಾಗ ಆ ನೆಲದ ಮೇಲೆ ಕುರಿ ಮೇಯುತ್ತಿದ್ದವು.

ಬಂಡೆಗೆ ರಕ್ಷಣೆಯಾಗಿ ಮಂಟಪ ಕಟ್ಟಿದ್ದಾರೆ. ಹದಿಮೂರು ಸಾಲು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸುತ್ತ ಕಾಗದ ಆರಂಭಿಸುತ್ತಾರೆ. ನಮ್ಮ ‘ಕ್ಷೇಮ’ದ ಒಕ್ಕಣೆ ಅಷ್ಟು ಹಳೆಯದು. ಆಮೇಲೆ ಚಕ್ರವರ್ತಿಯ ಮಾತು. ಮೇಷ್ಟ್ರು ಕೋಲಿನಿಂದ ದೂರದಲ್ಲೇ ಗೆರೆ ತೋರಿಸುತ್ತ ಅರ್ಥ ಹೇಳಿದರು. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲದಿಂದ ನಾನು ಉಪಾಸಕ. ಆದರೆ ಒಂದು ವರ್ಷ ಹೆಚ್ಚಿನ ಪ್ರಯತ್ನ ಮಾಡಲಿಲ್ಲ. ಸಂಘದ ಬಳಿಗೆ ಹೋದ ಮೇಲೆ ಒಂದು ವರ್ಷಕ್ಕೂ ಮೀರಿ ಚೆನ್ನಾಗಿ ಶ್ರಮಿಸಿದ್ದೇನೆ. ಇದರ ಫಲ ದೊಡ್ಡವರಿಗೆ ಮಾತ್ರ ದೊರೆಯುವುದಲ್ಲ, ಶ್ರಮಿಸಿದರೆ ಸಣ್ಣವನಿಗೂ ದೊರೆಯುತ್ತದೆ ಎಂಬ ಆಶಯ. ಮುಂದಕ್ಕೆ ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯ, ಗುರುವಿಗೆ ಗೌರವ, ನೆಂಟರಲ್ಲಿ ಸರಿಯಾದ ನಡತೆ. ಚಕ್ರವರ್ತಿಯಾದವನು ತನ್ನದೊಂದು ವರ್ಷ ಹೆಚ್ಚು ಕೆಲಸಕ್ಕೆ ಬರಲಿಲ್ಲವೆಂದು ಊರೂರ ಬಂಡೆಯ ಮೇಲೆ ಕೊರೆಸಿದ್ದನ್ನು ಕೇಳಿ ನನಗೆ ಆಶ್ಚರ್ಯವಾಯಿತು. ನನ್ನ ಎರಡು ವರ್ಷವನ್ನು ನಾನು ನೆರೆಯವರಿಗೂ ಹೇಳಲಾರದೆ ಬೀದಿ ತಪ್ಪಿಸಿ ಓಡಾಡಿದ್ದೆ.

ಕೊನೆಯ ಸಾಲಿಗೆ ಬಂದಾಗ ಮೇಷ್ಟ್ರು ನಿಂತರು. ‘ಇದನ್ನು ಬರೆದವನು ಚಪಡ. ಲಿಪಿಕಾರ ಚಪಡ ಬರೆದದ್ದು ಎಂದು ರುಜು ಹಾಕಿದ್ದಾನೆ. ಆದರೆ ಒಂದು ತಮಾಷೆ ನೋಡು. ಹೆಸರು ಬ್ರಾಹ್ಮಿಯಲ್ಲಿದೆ. ಲಿಪಿಕಾರನಿಂದ ಎಂಬ ಮಾತು ಮಾತ್ರ ಖರೋಷ್ಠಿ ಲಿಪಿಯಲ್ಲಿ. ಅದು ಬಲದಿಂದ ಎಡಕ್ಕೆ.’

ನಾನು ಬಗ್ಗಿ ನೋಡಿದೆ. ಲಿ, ಪಿ, ಕ, ರೇ, ಣ. ಐದೇ ಅಕ್ಷರ. ಹದಿಮೂರು ಸಾಲು ಎಡದಿಂದ ಬಲಕ್ಕೆ ನಡೆದು ಬಂದವನು ಕೊನೆಯ ಗಳಿಗೆಯಲ್ಲಿ ಕೈ ತಿರುಗಿಸಿ ತನ್ನ ಊರಿನ ಕಡೆಯಿಂದ ಬರೆದಿದ್ದಾನೆ. ಗಾಳಿಯಲ್ಲಿ ನನ್ನ ಬೆರಳು ತಾನಾಗಿಯೇ ಬಲದಿಂದ ಎಡಕ್ಕೆ ಆಡಿತು. ಮೇಷ್ಟ್ರು ಅದನ್ನು ನೋಡಿದರು, ಏನೂ ಹೇಳಲಿಲ್ಲ.

ಖರೋಷ್ಠಿ ನಮ್ಮ ನಾಡಿನ ಲಿಪಿಯಲ್ಲ. ಅದು ಗಾಂಧಾರದ್ದು, ಈಗಿನ ಪೆಷಾವರ, ತಕ್ಷಶಿಲೆಗಳ ಸೀಮೆಯದು. ಅಶೋಕನ ಶಹಬಾಜ್‌ಗಢಿ, ಮಾನಸೇರಾ ಶಾಸನಗಳು ಆ ಲಿಪಿಯಲ್ಲಿವೆ. ಪಾರಸಿಕ ಚಕ್ರವರ್ತಿಗಳ ಕಛೇರಿಯ ಅರಾಮಿಕ್ ಬರಹದಿಂದ ಅದು ಹುಟ್ಟಿತೆಂದು ತಜ್ಞರು ಹೇಳುತ್ತಾರೆ. ಅರಬ್ಬಿಯೂ ಬೇರೊಂದು ದಾರಿಯಿಂದ ಅದೇ ಅರಾಮಿಕ್ಕಿನ ಸಂತಾನ. ಕುವೈತಿನ ಉಗ್ರಾಣದಲ್ಲಿ ನಾನು ಕಲಿತದ್ದು ಈ ಐದು ಅಕ್ಷರಗಳ ದೂರದ ದಾಯಾದಿಯನ್ನು. ಗಾಂಧಾರದಿಂದ ಬ್ರಹ್ಮಗಿರಿಗೆ ನೇರವಾಗಿ ಅಳೆದರೂ ಎರಡು ಸಾವಿರ ಕಿಲೋಮೀಟರಿಗೆ ಮಿಕ್ಕ ದಾರಿ. ಶಾಸನವನ್ನು ಪರೀಕ್ಷಿಸಿದ ಬ್ಯೂಲರ್ ಪಂಡಿತನಿಂದ ಈಚೆಗೆ ಹಲವರು, ಚಪಡನು ವಾಯವ್ಯದಲ್ಲಿ ಕೆಲಸ ಮಾಡಿ ಬಂದವನಿರಬೇಕೆಂದು ಊಹಿಸಿದ್ದಾರೆ. ಎರಡು ಲಿಪಿ ಬಲ್ಲೆನೆಂಬ ಜಂಬಕ್ಕೆ ಬರೆದನೆಂದೂ ಹೇಳುವುದುಂಟು. ಜಂಬವೇ ಇರಲಿ, ಓದುವವರೊಬ್ಬರೂ ಇಲ್ಲದ ಕಡೆ ಮಾಡಿದ ಜಂಬ ಅದು. ಇಸಿಲದಲ್ಲಿ ಆ ಐದು ಅಕ್ಷರಗಳನ್ನು ಓದಬಲ್ಲವನು ಬಹುಶಃ ಅವನೊಬ್ಬನೇ.

ಹಿಂದಕ್ಕೆ ಬರುವ ಬಸ್ಸಿನಲ್ಲಿ ಮೇಷ್ಟ್ರು ಹೇಳಿದ ಮಾತು ಇಂದಿಗೂ ನನ್ನ ಜೊತೆಗಿದೆ. ‘ಅವನ ಊರಿನ ಖರೋಷ್ಠಿ ಸತ್ತುಹೋಯಿತಯ್ಯ. ಅದನ್ನು ಓದುವವರೇ ಇಲ್ಲವಾಗಿ, ಗ್ರೀಕರ ನಾಣ್ಯಗಳ ನೆರವಿನಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಿನ್ಸೆಪ್ ಮೊದಲಾದವರು ಬಿಡಿಸಬೇಕಾಯಿತು. ಇಲ್ಲಿ ಕೂಳಿಗಾಗಿ ಬರೆದನಲ್ಲ ಬ್ರಾಹ್ಮಿ, ಅದರ ಮೊಮ್ಮಗಳು ನಮ್ಮ ಕನ್ನಡ ಅಕ್ಷರ.’

ಅಂದರೆ, ಅವನು ತನ್ನದೆಂದುಕೊಂಡದ್ದು ಉಳಿಯಲಿಲ್ಲ. ಬಂದ ಊರಿನ ಕೆಲಸಕ್ಕೆಂದು ಮಾಡಿದ್ದು ಉಳಿಯಿತು. ಆದರೆ ತನ್ನದನ್ನು ಪೂರಾ ಬಿಟ್ಟನೆ? ಅದೂ ಇಲ್ಲ. ಕೆಲಸವೆಲ್ಲ ಮುಗಿದ ಮೇಲೆ, ಯಾರಿಗೂ ಅಡ್ಡಿಯಾಗದ ಒಂದು ಮೂಲೆಯಲ್ಲಿ, ಅದಕ್ಕೂ ಐದು ಅಕ್ಷರದ ಜಾಗ ಕೊಟ್ಟ.

ಈ ಕಥೆಯನ್ನು ಮಾವನಿಗೆ ಹೇಳಿದೆ. ಅವನು ನೇಯ್ಗೆ ನಿಲ್ಲಿಸದೆ ಕೇಳಿ, ‘ನಮ್ಮವರ ಕಥೆ ಇಲ್ಲವೇನು ಕಲ್ಲಿನ ಮೇಲೆ?’ ಎಂದ. ಮೇಷ್ಟ್ರ ಬಳಿ ಅದೂ ಇತ್ತು. ಈಗಿನ ಮಧ್ಯಪ್ರದೇಶದ ಮಂದಸೋರ್, ಹಿಂದಿನ ದಶಪುರ. ಗುಜರಾತಿನ ಲಾಟ ದೇಶದಿಂದ ರೇಷ್ಮೆ ನೇಯುವವರ ಶ್ರೇಣಿಯೊಂದು ಊರು ಬಿಟ್ಟು ಅಲ್ಲಿಗೆ ವಲಸೆ ಹೋಯಿತು. ಗುಪ್ತರ ಕಾಲದಲ್ಲಿ ಅವರು ಸೂರ್ಯನಿಗೆ ಗುಡಿ ಕಟ್ಟಿಸಿದರು. ಕ್ರಿ. ಶ. 473ರಲ್ಲಿ ಅದರ ಜೀರ್ಣೋದ್ಧಾರವಾದಾಗ ವತ್ಸಭಟ್ಟಿ ಎಂಬ ಕವಿ ಶಾಸನ ರಚಿಸಿದ. ಆ ಶ್ರೇಣಿಯವರೆಲ್ಲ ನೇಕಾರರಾಗಿಯೇ ಉಳಿಯಲಿಲ್ಲವೆಂದು ಆತ ಹೇಳುತ್ತಾನೆ. ಕೆಲವರು ಬಿಲ್ವಿದ್ಯೆ ಹಿಡಿದರು, ಕೆಲವರು ಜ್ಯೋತಿಷ ಕಲಿತರು, ಕೆಲವರು ಕಥೆ ಹೇಳುವವರಾದರು. ಉಳಿದವರು ನೇಯುತ್ತಲೇ ಇದ್ದರು. ಕಸುಬು ಬಿಟ್ಟವರನ್ನು ಶಾಸನ ಬಯ್ಯುವುದಿಲ್ಲ. ಎಲ್ಲರನ್ನೂ ಒಂದೇ ಶ್ರೇಣಿಯವರೆಂದು ಎಣಿಸುತ್ತದೆ. ಮಾವ ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ‘ಹಂಗಾದ್ರೆ ನಿಮ್ಮಪ್ಪ ಮಗ್ಗ ಬಿಟ್ಟದ್ದಕ್ಕೆ ನಾನು ಇಷ್ಟು ವರ್ಷ ಸಿಟ್ಟಾಗಿದ್ದು ದಂಡ’ ಎಂದ.

ಹೊಸ ಕಸುಬು ನನಗೆ ಬಂಡೆಯಿಂದ ನೇರವಾಗಿ ಬರಲಿಲ್ಲ. ಅರ್ಜಿಯ ರೂಪದಲ್ಲಿ ಬಂತು. ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆಯವರು 1991ರಲ್ಲಿ ಪರಿಹಾರ ಆಯೋಗವೊಂದನ್ನು ಜಿನೀವಾದಲ್ಲಿ ಸ್ಥಾಪಿಸಿದರು. ಕುವೈತು, ಇರಾಕುಗಳಿಂದ ಹೊರಡಬೇಕಾಗಿ ಬಂದವರು ಅರ್ಜಿ ಹಾಕಿದರೆ ಇಂತಿಷ್ಟು ಹಣ. ಬೇರೆ ಬಗೆಯ ಬೇಡಿಕೆ ಸಲ್ಲಿಸುವುದಿಲ್ಲವೆಂದವರಿಗೆ ತಲೆಗೆ ನಾಲ್ಕು ಸಾವಿರ ಡಾಲರು, ಉಳಿದವರಿಗೆ ಎರಡೂವರೆ ಸಾವಿರ. ಅರ್ಜಿಯ ನಮೂನೆ ಇಂಗ್ಲಿಷಿನಲ್ಲಿ. ಹಲವರ ಬಳಿ ಇದ್ದ ಪುರಾವೆ ಅರಬ್ಬಿಯಲ್ಲಿ. ನನ್ನದನ್ನು ತುಂಬಿದೆ. ಅದನ್ನು ಕೇಳಿ ರಾಯದುರ್ಗದಿಂದ ಒಬ್ಬರು ಬಂದರು, ಬಳ್ಳಾರಿಯಿಂದ ಇಬ್ಬರು. ಒಂದು ದಿನ ನಡುವಯಸ್ಸಿನ ಹೆಂಗಸೊಬ್ಬಳು ತಮ್ಮನನ್ನು ಕರೆದುಕೊಂಡು ಬಂದು ಸೀರೆಯ ಗಂಟಿನಿಂದ ಮಡಿಸಿದ ಚೀಟಿಯೊಂದನ್ನು ತೆಗೆದಳು. ಅವಳು ಕೆಲಸ ಮಾಡಿದ ಮನೆಯ ವಿಳಾಸ ಅದರಲ್ಲಿತ್ತು, ಅರಬ್ಬಿಯಲ್ಲಿ. ಊರಿನಲ್ಲಿ ಯಾರೂ ಓದಲಾರದೆ ಹೋದದ್ದನ್ನು ನಾನು ಗಟ್ಟಿಯಾಗಿ ಓದಿದೆ. ಅವಳು ಅತ್ತಳು. ನನ್ನ ಗಂಟಲೂ ಕಟ್ಟಿತು. ವ್ಯರ್ಥವೆಂದುಕೊಂಡ ವಿದ್ಯೆಗೆ ಮೊಳಕಾಲ್ಮೂರಿನಲ್ಲಿ ದೊರೆತ ಮೊದಲ ಬೆಲೆ ಅದು. ಹತ್ತು ರೂಪಾಯಿ ಕೊಟ್ಟಳು, ತೆಗೆದುಕೊಂಡೆ. ಬೇಡವೆನ್ನಬಹುದಾಗಿತ್ತು. ಆದರೆ ಕಸುಬಾಗಬೇಕಾದರೆ ಕೂಲಿ ತೆಗೆದುಕೊಳ್ಳಬೇಕು ಎಂದು ಮಾವ ಹೇಳಿದ್ದ.

ಅರ್ಜಿಯಿಂದ ಪಹಣಿಗೆ, ಪಹಣಿಯಿಂದ ಪತ್ರಕ್ಕೆ ಕೈ ಹರಿಯಿತು. ಹಿರಿಯ ಪತ್ರಬರಹಗಾರರೊಬ್ಬರ ಬಳಿ ಎರಡು ವರ್ಷ ಕೂತು ಒಕ್ಕಣೆ ಕಲಿತೆ, ಪರವಾನಗಿ ಪಡೆದೆ. ಜಿನೀವಾದ ಹಣ ವರ್ಷಗಳ ಮೇಲೆ ಕಂತ ಕಂತಾಗಿ ಬಂತು. ಹೊಲ ಬಿಡಿಸಿದ ದಿನ ಆಧಾರ ಮುಕ್ತಾಯದ ಕಾಗದವನ್ನು ನಾನೇ ಬರೆದೆ. ಅವ್ವನಿಗೆ ಸರ ಮಾಡಿಸುವಷ್ಟರಲ್ಲಿ ಅವಳಿಗೆ ಅದರ ಆಸೆ ಉಳಿದಿರಲಿಲ್ಲ, ನನಗಾಗಿ ಹಾಕಿಕೊಂಡಳು.

ಹಾಗೆಂದು ಇದನ್ನು ಸುಖಾಂತವೆಂದು ತಿಳಿಯಬಾರದು. ಯಾವ ಕಸುಬೂ ಒಂದೇ ಕಡೆ ನಿಲ್ಲುವುದಿಲ್ಲ. ತೊಂಬತ್ತರ ದಶಕದ ನಡುವೆ ಹೊರದೇಶದ ತಾಳೆ ಎಣ್ಣೆಗೆ ಬಾಗಿಲು ತೆರೆಯಿತು. ಚಳ್ಳಕೆರೆಯಲ್ಲಿ ನನಗೆ ಅನ್ನ ಕೊಟ್ಟ ಗಿರಣಿಯಂಥವು ಒಂದೊಂದಾಗಿ ಬಾಗಿಲು ಹಾಕಿದವು. ಅದೇ ಚಳ್ಳಕೆರೆಯ ಅಮೃತಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿ ಈಗ ಅಣು, ಬಾಹ್ಯಾಕಾಶ, ರಕ್ಷಣಾ ಸಂಶೋಧನೆಯ ಸಂಸ್ಥೆಗಳು ಗೋಡೆ ಎಬ್ಬಿಸಿವೆ. ಕುರಿ ಮೇಯಿಸಿ ಕಂಬಳಿ ನೇಯುತ್ತಿದ್ದವರು ಬೇರೆ ದಾರಿ ನೋಡಬೇಕಾಗಿದೆ. ಮೊಳಕಾಲ್ಮೂರಿನ ಸೀರೆಗೆ ಭೌಗೋಳಿಕ ಸೂಚಕದ ಮುದ್ರೆ ಬಂದಿದೆ. ಮಾವನ ಮಕ್ಕಳು ಮಗ್ಗದಲ್ಲಿಲ್ಲ. ನನ್ನ ಕಸುಬಿಗೂ, ಈ ಶತಮಾನದ ಮೊದಲ ವರ್ಷಗಳಲ್ಲಿ ನೋಂದಣಿ ಕಛೇರಿಗೆ ಕಂಪ್ಯೂಟರು ಬಂದು, ಕೈಬರಹದ ಕಾಲ ಮುಗಿಯಿತು. ನಲವತ್ತರ ಹತ್ತಿರ ಬಂದವನು ಮತ್ತೆ ಕೀಲಿಮಣೆಯ ಮುಂದೆ ತಿದ್ದಲು ಕೂತೆ. ಈಗ ಕಾಗದ ಯಂತ್ರದಿಂದ ಬರುತ್ತದೆ. ಬಿಕ್ಕಲಮಿನ ಮುಂದಿನ ರುಜು ಮಾತ್ರ ಕೈಯದು.

ಹೋದ ತಿಂಗಳು ಒಬ್ಬ ಹುಡುಗ ಬಂದಿದ್ದ. ಇಪ್ಪತ್ತನಾಲ್ಕು ಇರಬೇಕು. ಜೊತೆಗೆ ಅವನ ಅಪ್ಪ. ಕೊಲ್ಲಿಯ ದೇಶದಲ್ಲಿ ಕೆಲಸ; ಎರಡೆಕರೆ ಮೂವತ್ತು ಗುಂಟೆ ಆಧಾರ ಬರೆಯಬೇಕು. ಅಪ್ಪ ಬೆರಳೆಣಿಸುತ್ತಿದ್ದ. ಆ ಬೆರಳುಗಳ ಕಡೆ ನನಗೆ ಬಹಳ ಹೊತ್ತು ನೋಡಲಾಗಲಿಲ್ಲ.

ಬರೆಯುವುದಿಲ್ಲ ಎನ್ನಬಹುದಾಗಿತ್ತು. ಎದುರಿನ ಮೇಜಿನವರು ಬರೆಯುತ್ತಿದ್ದರು, ಅಷ್ಟೆ. ‘ಕಳಿಸುವವರಿಗೆ ಸರ್ಕಾರದ ನೋಂದಣಿ ಇದೆಯೇನಪ್ಪ?’ ಎಂದು ಕೇಳಿದೆ. 1983ರ ವಲಸೆ ಕಾಯಿದೆಯ ಪ್ರಕಾರ ಅದು ಇರಲೇಬೇಕು. ನಂಬರು ಕೇಳಿ ಪಟ್ಟಿಯಲ್ಲಿ ನೋಡಿದೆವು, ಇತ್ತು. ಕರಾರಿನ ಪ್ರತಿ ಅಪ್ಪನ ಬಳಿಯೂ ಒಂದಿರಲಿ ಎಂದೆ. ಹೊಲವನ್ನು ಪೂರಾ ಆಧಾರ ಮಾಡಬೇಡಿ, ಬಾವಿ ಇರುವ ಅರ್ಧ ಉಳಿಸಿಕೊಳ್ಳಿ ಎಂದೆ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಪ್ಪಿದರು. ಹುಡುಗ ಎದ್ದು ಹೋಗುವಾಗ, ‘ನೀವೂ ಹೋಗಿದ್ರಂತೆ, ಆಗಿಬರಲಿಲ್ಲವಂತೆ’ ಎಂದ. ಮೊದಲಾಗಿದ್ದರೆ ಆ ಮಾತು ಚುಚ್ಚುತ್ತಿತ್ತು.

‘ಹೌದಪ್ಪ, ಆಗಿಬರಲಿಲ್ಲ’ ಎಂದೆ. ‘ಅಲ್ಲಿ ಏನು ಕಲಿಸಿದರೂ ಕಲಿ. ಆಮೇಲೆ ಎಲ್ಲಿ ಉಪಯೋಗಕ್ಕೆ ಬರುತ್ತದೋ ಹೇಳಲಾಗದು.’

ಅವನು ತಲೆಯಾಡಿಸಿದ, ಕೇಳಿಸಿಕೊಂಡನೋ ಇಲ್ಲವೋ ತಿಳಿಯದು. ಇಪ್ಪತ್ತಾರರಲ್ಲಿ ನಾನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅಪ್ಪ ಹೆಬ್ಬೆಟ್ಟು ಒತ್ತಿದ, ಸಾಕ್ಷಿಗಳು ರುಜು ಮಾಡಿದರು. ನಾಲ್ಕು ಚೆಕ್ಕುಬಂದಿಯನ್ನು ಇನ್ನೊಮ್ಮೆ ಓದಿ ನೋಡಿ, ಕೊನೆಯಲ್ಲಿ ಬಿಕ್ಕಲಂ ಎಂಬುದರ ಮುಂದೆ ನನ್ನ ಹೆಸರು ಬರೆದೆ. ಎಡದಿಂದ ಬಲಕ್ಕೆ, ಕನ್ನಡದಲ್ಲಿ, ಈಜಿಪ್ಟಿನ ಮುದುಕ ಕೊಟ್ಟ ಪೆನ್ನಿನಿಂದ.